ಹಗೇವು: ಬರಗಾಲಕ್ಕೆ ಹೂಳಿಟ್ಟ ಬುತ್ತಿ

ಶಿವರಾತ್ರಿ ದಾಟಿ ಬಿಸಿಲು ಬಲಿಯಿತೆಂದರೆ ಒಂದು ಕಾಲಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಊರುಗಳಲ್ಲಿ ಚಕ್ಕಡಿಗಳಿಗೆ ಬಿಡುವೇ ಇರುತ್ತಿರಲಿಲ್ಲ. ಹಂತಿ ಹೊಡೆದು, ಗಾಳಿಗೆ ತೂರಿ, ರಾಶಿಪೂಜೆ ಮುಗಿಸಿದ ಬಿಳಿಜೋಳ ಚೀಲ ತುಂಬಿಕೊಂಡು ಕಣದಿಂದ ಊರಿಗೆ ಬರುತ್ತಿತ್ತು. ಆದರೆ ಎಲ್ಲ ಚೀಲಗಳೂ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಮನೆ ಮುಂದಿನ ಅಂಗಳದಲ್ಲೋ ಊರಂಚಿನ ಗರಸಿನ ದಿನ್ನೆಯಲ್ಲೋ ನೆಲ ಬಾಯಿ ತೆರೆದು ಕಾದಿರುತ್ತಿತ್ತು. ಒಬ್ಬ ಆಳು ಮೈ ಹಿಡಿಮಾಡಿಕೊಂಡು ಇಳಿಯುವಷ್ಟೇ ಅಗಲದ ಬಾಯಿ. ಅದರೊಳಗೆ ಚೀಲ ಬಗ್ಗಿಸಿದರೆ ಜೋಳ ಸರಸರನೆ ಕತ್ತಲಿಗೆ ಇಳಿಯುತ್ತಿತ್ತು.

ಹೊಟ್ಟೆ ತುಂಬಿದ ಮೇಲೆ ಕಣಕಿ ಹರವಿ, ಪರಸಿ ಕಲ್ಲು ಮುಚ್ಚಿ, ಮೇಲೆ ಮಣ್ಣೆಳೆದು ಮೆತ್ತುತ್ತಿದ್ದರು. ನಾಲ್ಕು ದಿನ ಕಳೆದರೆ ಅದು ಬರೀ ಅಂಗಳ. ಅದರ ಮೇಲೆ ಮಕ್ಕಳು ಆಡುತ್ತಿದ್ದವು, ದನ ಮಲಗುತ್ತಿದ್ದವು. ಕೆಳಗೆ ಐವತ್ತು ಚೀಲ ಜೋಳ ಇದೆಯೆಂಬುದು ಮನೆಯವರಿಗೆ, ತುಂಬಿದ ಆಳುಗಳಿಗೆ, ಹೆಚ್ಚೆಂದರೆ ಓಣಿಯ ಹಿರಿಯರಿಗೆ ಗೊತ್ತು.

ಅದೇ ಹಗೇವು. ಉತ್ತರ ಕರ್ನಾಟಕದ ಬಹುಪಾಲು ಮಂದಿ ಈ ಹೆಸರು ಕೇಳಿದ್ದಾರೆ. ಹಳೆಯ ಮನೆ ಕೆಡವಿದಾಗ ಹೊರಬಿದ್ದ ಗುಂಡಿಯನ್ನು ಕೆಲವರು ನೋಡಿಯೂ ಇದ್ದಾರೆ. ಆದರೆ ಮಣ್ಣಿನೊಳಗೆ ಹೂತ ಕಾಳು ಕೊಳೆಯದೆ, ನುಸಿ ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತಿದ್ದುದು ಹೇಗೆ ಎಂಬುದಕ್ಕೆ ಉತ್ತರ ಬಲ್ಲವರು ಈಗ ಕಡಿಮೆ.

ಒಂದು ಸುಗ್ಗಿ, ಮೂರು ವರ್ಷದ ಚಿಂತೆ

ಹಗೇವು ಹುಟ್ಟಿದ್ದು ಈ ನೆಲದ ಮಳೆಯ ಸ್ವಭಾವದಿಂದ. ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರ್ ಆಸುಪಾಸು. ಅದೂ ನೆಚ್ಚಿಕೊಳ್ಳುವಂಥದ್ದಲ್ಲ. ಉತ್ತರದಲ್ಲಿ ಇಂಡಿ, ಸಿಂದಗಿಗಳ ಅಂಚಿಗೆ ಭೀಮೆ, ದಕ್ಷಿಣದಲ್ಲಿ ಬಾಗೇವಾಡಿ, ಮುದ್ದೇಬಿಹಾಳಗಳ ಅಂಚಿಗೆ ಕೃಷ್ಣೆ ಹರಿದರೂ ನಡುವಿನ ಎರೆಭೂಮಿ ಆಕಾಶ ನೋಡಿಯೇ ಬದುಕಿತು. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹಿಂಗಾರಿ ಜೋಳ ಬಿತ್ತಿದರೆ, ಆಮೇಲೆ ಎರೆಮಣ್ಣು ಹಿಡಿದಿಟ್ಟುಕೊಂಡ ಹಸಿಯಲ್ಲೇ ಅದು ಬೆಳೆದು ತೆನೆ ಕಟ್ಟಬೇಕು.

ಮಳೆ ಹದವಾಗಿ ಬಿದ್ದ ವರ್ಷ ಈ ನೆಲ ಕೊಡುವುದಕ್ಕೆ ಮಿತಿಯಿಲ್ಲ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ಡೋಣಿ ಹೊಳೆಯ ದಂಡೆಯ ಎರೆಭೂಮಿಯ ಫಲವನ್ನೇ ಹೇಳುತ್ತದೆ. ಆ ಮಾತಿನಲ್ಲಿರುವ ‘ಬೆಳೆದರೆ’ ಎಂಬ ಪದವನ್ನು ಗಮನಿಸಬೇಕು. ಬೆಳೆಯದ ವರ್ಷಗಳೂ ಇಲ್ಲಿನವರಿಗೆ ಚೆನ್ನಾಗಿ ಗೊತ್ತಿದ್ದವು.

1876–78ರ ಮಹಾ ಕ್ಷಾಮದ ಹೊತ್ತಿಗೆ ಈ ಸೀಮೆ ಕಲಾದಗಿ ಜಿಲ್ಲೆಯಲ್ಲಿತ್ತು. 1872ರ ಜನಗಣತಿಯಲ್ಲಿ ಸುಮಾರು 8.16 ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ 6.38 ಲಕ್ಷಕ್ಕೆ ಇಳಿದಿತ್ತು. ಐದರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸತ್ತರು ಇಲ್ಲವೇ ಊರು ಬಿಟ್ಟರು. ಅಂಥ ನೆಲದಲ್ಲಿ ಒಳ್ಳೆಯ ಸುಗ್ಗಿ ಬಂದಾಗ ಮೊದಲು ಏಳುತ್ತಿದ್ದ ಪ್ರಶ್ನೆ ಎಷ್ಟಕ್ಕೆ ಮಾರಬೇಕು ಎಂಬುದಲ್ಲ, ಎಷ್ಟು ಉಳಿಸಬೇಕು ಎಂಬುದು.

ಒಂದು ಸಾದಾ ಲೆಕ್ಕ ನೋಡಿ. ಹತ್ತು ಅಡಿ ಆಳ, ಸರಾಸರಿ ಆರು ಅಡಿ ಅಗಲದ ಹಗೇವಿನ ಒಳಗಿನ ಜಾಗ ಸುಮಾರು 280 ಘನ ಅಡಿ. ಒಂದು ಘನ ಅಡಿಗೆ ಹೆಚ್ಚುಕಡಿಮೆ 20 ಕಿಲೊ ಜೋಳ ಹಿಡಿಯುತ್ತದೆ. ಸುತ್ತ ತುಂಬುವ ಕಣಕಿಯ ಜಾಗ ಕಳೆದರೂ ಕ್ವಿಂಟಲ್ ಚೀಲದ ಲೆಕ್ಕದಲ್ಲಿ 50 ಚೀಲ ಜೋಳಕ್ಕೆ ಅಡ್ಡಿಯಿಲ್ಲ. ಹತ್ತು ಜನರ ಮನೆಯಲ್ಲಿ ದಿನಕ್ಕೆ ಐದು ಕಿಲೊ ಜೋಳ ಬೀಸಿದರೆ ಅದು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಸಾಕು. ಒಂದು ಹಗೇವು ತುಂಬಿದೆಯೆಂದರೆ ಆ ಮನೆ ಸಾಲಾಗಿ ಎರಡು ಬರ ಬಂದರೂ ಗುಳೆ ಹೋಗಬೇಕಿಲ್ಲ ಎಂದರ್ಥ.

ಜಾಗ ಹುಡುಕುವುದೇ ಅರ್ಧ ಕೆಲಸ

ಎಲ್ಲೆಂದರಲ್ಲಿ ತೋಡಿದ ಗುಂಡಿ ಹಗೇವು ಆಗುವುದಿಲ್ಲ. ಎರೆಮಣ್ಣು ಬೆಳೆಗೆ ತಾಯಿ, ಹಗೇವಿಗೆ ಶತ್ರು. ಮಳೆ ಬಿದ್ದರೆ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಆಳವಾಗಿ ಬಿರಿಯುತ್ತದೆ. ಆ ಬಿರುಕುಗಳಲ್ಲಿ ಗಾಳಿಯೂ ನೀರೂ ನೇರ ಕಾಳಿನವರೆಗೆ ಇಳಿಯುತ್ತವೆ.

ಅದಕ್ಕೇ ಹಿರಿಯರು ಗರಸು ಮಣ್ಣಿನ ಎತ್ತರದ ಜಾಗ ನೋಡುತ್ತಿದ್ದರು. ಗರಸೆಂದರೆ ಈ ಸೀಮೆಯ ಕಪ್ಪು ಕಲ್ಲು ಸಾವಿರಾರು ವರ್ಷ ಸವೆದು ಆದ ಗಟ್ಟಿ ಹರಳುಮಣ್ಣು. ಕಡಿದರೆ ಗೋಡೆಯಂತೆ ನಿಲ್ಲುತ್ತದೆ, ಬೇಗ ಕುಸಿಯುವುದಿಲ್ಲ. ಎತ್ತರದಲ್ಲಿದ್ದರೆ ಮಳೆನೀರು ನಿಲ್ಲದೆ ಹರಿದುಹೋಗುತ್ತದೆ, ಬಾವಿಯ ನೀರಿನ ಮಟ್ಟ ಕೆಳಗೇ ಉಳಿಯುತ್ತದೆ. ಅಂಥ ಜಾಗ ಸಿಕ್ಕ ಊರುಗಳಲ್ಲಿ ಹತ್ತಾರು ಮನೆಗಳ ಹಗೇವುಗಳು ಒಂದೇ ಬಯಲಿನಲ್ಲಿ ಒತ್ತೊತ್ತಾಗಿ ಇರುತ್ತಿದ್ದವು.

ತೋಡುವುದು, ತುಂಬುವುದು

ಹಗೇವಿನ ಆಕಾರ ನೀರಿನ ಹೂಜಿಯಂತೆ. ಬಾಯಿ ಎರಡು–ಮೂರು ಅಡಿ, ಕುತ್ತಿಗೆ ಸಣ್ಣದು, ಕೆಳಗೆ ಹೋದಂತೆ ಹೊಟ್ಟೆ ಅಗಲ. ಬಾಯಿ ಸಣ್ಣದಿದ್ದಷ್ಟೂ ಮುಚ್ಚುವುದು ಸುಲಭ, ಗಾಳಿ ನುಗ್ಗುವುದು ಕಷ್ಟ. ಹತ್ತಿಪ್ಪತ್ತು ಚೀಲ ಹಿಡಿಯುವ ಸಣ್ಣ ಹಗೇವುಗಳೂ ಇದ್ದವು, ದೊಡ್ಡ ಒಕ್ಕಲುತನದ ಮನೆಗಳಲ್ಲಿ, ಮಠಗಳಲ್ಲಿ ನೂರು ಚೀಲ ಮೀರಿದವೂ ಇದ್ದವು. ಅನುಕೂಲವಿದ್ದವರು ಒಳಗೋಡೆಗೆ ಕಲ್ಲು ಕಟ್ಟಿಸುತ್ತಿದ್ದರು.

ತೋಡಿದ ಗುಂಡಿಯ ಒಳಮೈಗೆ ಮಣ್ಣು, ಸಗಣಿ ಕಲಸಿ ಮೆತ್ತಿ ನಯ ಮಾಡುತ್ತಿದ್ದರು. ಆಮೇಲೆ ಒಳಗೆ ಕಣಕಿ ಹಾಕಿ ಬೆಂಕಿ ಕೊಡುತ್ತಿದ್ದರು. ಇದರಿಂದ ಮಣ್ಣಿನ ಹಸಿ ಆರುತ್ತಿತ್ತು, ಗೋಡೆ ಗಟ್ಟಿಯಾಗುತ್ತಿತ್ತು, ಸಂದುಗೊಂದಿನ ಹುಳುಗಳು ಸಾಯುತ್ತಿದ್ದವು.

ತುಂಬುವಾಗ ತಳಕ್ಕೆ ಮೊದಲು ಹೊಟ್ಟು, ಅದರ ಮೇಲೆ ಕಣಕಿ. ಜೋಳ ಏರುತ್ತ ಬಂದಂತೆ ಗೋಡೆಯ ಸುತ್ತಲೂ ಕಣಕಿ ಒತ್ತುತ್ತ ಬರಬೇಕು. ಕಾಳು ಎಲ್ಲಿಯೂ ಮಣ್ಣಿಗೆ ತಾಗಕೂಡದು. ಗೋಡೆಯಿಂದ ಬರುವ ಹಸಿಯನ್ನು ಕಣಕಿ ಹೀರಿಕೊಂಡು ಕಾಳನ್ನು ಕಾಪಾಡುತ್ತದೆ. ಒಳಗಿಳಿದವರು ಜೋಳವನ್ನು ತುಳಿದು ತುಳಿದು ಜಗ್ಗಿಸುತ್ತಿದ್ದರು. ಕಾಳಿನ ನಡುವೆ ಗಾಳಿಗೆ ಎಷ್ಟು ಕಡಿಮೆ ಎಡೆಯೋ ಅಷ್ಟು ಒಳ್ಳೆಯದು.

ಕೊನೆಯಲ್ಲಿ ಮೇಲೊಂದು ದಪ್ಪ ಹೊಟ್ಟಿನ ಪದರ, ಅದರ ಮೇಲೆ ಕಲ್ಲು. ಚಪ್ಪಡಿಯಂತೆ ಏಳುವ ಪರಸಿ ಕಲ್ಲಿಗೆ ತಾಳಿಕೋಟಿ ಸೀಮೆ ಹೆಸರಾದ್ದರಿಂದ ಮುಚ್ಚಲಕ್ಕೆ ಕೊರತೆಯಿರಲಿಲ್ಲ. ಕಲ್ಲಿನ ಸಂದುಗಳಿಗೆ ಮಣ್ಣು ಮೆತ್ತಿ, ಮೇಲೆ ಮಣ್ಣನ್ನು ಗುಂಬಜದಂತೆ ಏರಿಸಿ, ನೀರು ಜಾರುವಂತೆ ಮಾಡಿದರೆ ಕೆಲಸ ಮುಗಿಯಿತು.

ಕಾಲವೂ ಅನುಕೂಲವಾಗಿತ್ತು. ಹಿಂಗಾರಿ ಜೋಳದ ರಾಶಿ ಆಗುವುದು ಫೆಬ್ರವರಿ–ಮಾರ್ಚಿನಲ್ಲಿ. ವರ್ಷದ ಅತ್ಯಂತ ಒಣ ದಿನಗಳವು. ಹಲ್ಲಿಗೆ ಇಟ್ಟರೆ ಕಟಕ್ಕೆನ್ನುವಂತೆ ಒಣಗಿದ ಕಾಳೇ ಹಗೇವಿಗೆ ಇಳಿಯುತ್ತಿತ್ತು. ಹಗೇವಿನ ಯಶಸ್ಸಿಗೆ ಇದಕ್ಕಿಂತ ದೊಡ್ಡ ಕಾರಣವಿಲ್ಲ. ಕಾಳಿನ ತೇವಾಂಶ ನೂರಕ್ಕೆ ಹನ್ನೆರಡರ ಒಳಗಿದ್ದರೆ ಬೂಷ್ಟು ಬೆಳೆಯುವುದು ಕಷ್ಟ. ಅದಕ್ಕಿಂತ ಹಸಿಯಾದ ಕಾಳನ್ನು ಎಂಥ ಕಣಜದಲ್ಲಿಟ್ಟರೂ ಉಳಿಸಿಕೊಳ್ಳುವುದು ಕಷ್ಟವೇ.

ಕತ್ತಲೊಳಗೆ ನಡೆಯುವುದೇನು?

ಜೋಳದ ಕಾಳು ಸತ್ತ ವಸ್ತುವಲ್ಲ. ಅದಕ್ಕೂ ಉಸಿರಿದೆ. ಕಾಳಿನ ಜೊತೆ ಕಣದಿಂದಲೇ ಬಂದ ನುಸಿಗೆ, ಸೊಂಡಿಲುಹುಳುವಿಗೆ, ಅದರ ಮೊಟ್ಟೆಗೂ ಉಸಿರಿದೆ. ಬಾಯಿ ಮುಚ್ಚಿದ ಹಗೇವಿನಲ್ಲಿ ಇವೆಲ್ಲವೂ ಒಳಗಿರುವ ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತ ಹೋಗುತ್ತವೆ. ಹೊರಗಿನ ಗಾಳಿ ಬರುವಂತಿಲ್ಲ.

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು. ಅದು ನೂರಕ್ಕೆ ಮೂರರ ಕೆಳಗಿಳಿದರೆ ಕಾಳು ತಿನ್ನುವ ಹುಳುಗಳು ಬದುಕಲಾರವು. ಹುಳುಗಳು ಹೆಚ್ಚಿದ್ದಷ್ಟೂ ಒಳಗಿನ ಆಮ್ಲಜನಕ ಬೇಗ ಮುಗಿಯುತ್ತದೆ. ತಮ್ಮ ಉಸಿರನ್ನು ತಾವೇ ಮುಗಿಸಿಕೊಂಡು ಅವು ಸಾಯುತ್ತವೆ. ಒಂದು ಚಿಟಿಕೆ ವಿಷವನ್ನೂ ಹಾಕದೆ ಕಾಳು ಹುಳುವಿನಿಂದ ಪಾರಾಗುವುದು ಹೀಗೆ. ಇಲಿ, ಹೆಗ್ಗಣ, ಬೆಂಕಿ, ಕಳ್ಳರ ಕಾಟ ತಪ್ಪುವುದು ಮೇಲಿನ ಲಾಭ.

ಎರಡನೆಯ ಕಾವಲು ನೆಲದ ತಂಪು. ಮೇಲೆ ಬಿಸಿಲು ನಲವತ್ತು ಡಿಗ್ರಿ ದಾಟಿದರೂ, ಚಳಿ ಹನ್ನೆರಡಕ್ಕೆ ಇಳಿದರೂ ಹತ್ತು ಅಡಿ ಕೆಳಗೆ ಬಿಸಿಯ ಏರಿಳಿತ ಅತಿ ಕಡಿಮೆ. ಬಿಸಿ ಏರಿಳಿದಾಗ ಕಾಳಿನ ರಾಶಿಯೊಳಗೆ ಹಸಿ ಅಲ್ಲಿಂದಿಲ್ಲಿಗೆ ಸರಿದು ಒಂದೆಡೆ ಹನಿಗಟ್ಟುತ್ತದೆ, ಅಲ್ಲಿಂದಲೇ ಮುಗ್ಗು ಶುರುವಾಗುತ್ತದೆ. ಹಗೇವಿನಲ್ಲಿ ಆ ಭಯ ಕಡಿಮೆ.

ಹಾಗೆಂದು ಹಗೇವು ದೋಷವಿಲ್ಲದ ವ್ಯವಸ್ಥೆಯೇನಲ್ಲ. ಗೋಡೆಯ ಪಕ್ಕದ, ಬಾಯಿಯ ಕೆಳಗಿನ ಒಂದು ಪದರ ಬಣ್ಣಗೆಟ್ಟು ಮುಗ್ಗುವುದು ಸಾಮಾನ್ಯವಾಗಿತ್ತು. ಆ ಕಾಳು ಹೆಚ್ಚಾಗಿ ದನಗಳಿಗೆ ಹೋಗುತ್ತಿತ್ತು. ಒಳಗಿನ ಒಳ್ಳೆಯ ಜೋಳಕ್ಕೂ ಒಂದು ವಾಸನೆ ಬರುತ್ತಿತ್ತು. ಬಿಸಿಲಿಗೆ ಹರವಿ ಒಣಗಿಸಿದ ಮೇಲೇ ಅದನ್ನು ಬೀಸುಕಲ್ಲಿಗೆ ಹಾಕುತ್ತಿದ್ದರು. ಹಗೇವಿನಲ್ಲಿ ಬಹಳ ದಿನ ಇದ್ದ ಕಾಳಿನ ಮೊಳಕೆಯ ಶಕ್ತಿ ಕುಂದುವುದರಿಂದ ಬೀಜದ ಜೋಳವನ್ನು ಅದರಲ್ಲಿ ಇಡುತ್ತಿರಲಿಲ್ಲ. ಅದಕ್ಕೆ ಬೇರೆಯೇ ಹರವಿ, ಗಡಿಗೆ, ಗುಮ್ಮಿ. ಬೂದಿಯ, ಬೇವಿನ ಎಲೆಯ ಕಾವಲು. ಉಣ್ಣುವ ಕಾಳಿಗೊಂದು ಮನೆ, ಬಿತ್ತುವ ಕಾಳಿಗೊಂದು ಮನೆ ಎಂಬ ಈ ಭೇದವನ್ನು ಅವರು ಅನುಭವದಿಂದಲೇ ಕಂಡುಕೊಂಡಿದ್ದರು.

ಬಾಯಿ ತೆಗೆಯುವ ದಿನ

ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಇಂಗಾಲದ ಡೈಆಕ್ಸೈಡ್ ಸಾಮಾನ್ಯ ಗಾಳಿಗಿಂತ ಭಾರ. ಕಲ್ಲು ಸರಿಸಿದ ಮಾತ್ರಕ್ಕೆ ಅದು ಮೇಲೆದ್ದು ಹೋಗದೆ ಹಗೇವಿನ ತಳದಲ್ಲೇ ಕೂತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ಎಚ್ಚರಿಸುವ ವಾಸನೆಯಿಲ್ಲ. ಅವಸರದಿಂದ ಇಳಿದವರು ಒಂದೆರಡು ಉಸಿರಿಗೆ ತಲೆ ತಿರುಗಿ ಬೀಳುತ್ತಿದ್ದರು. ಅವರನ್ನು ಎತ್ತಲು ಇಳಿದವರೂ ಅಲ್ಲೇ ಬೀಳುತ್ತಿದ್ದರು. ಹಗೇವಿನಲ್ಲಿ ಜೀವ ಹೋದ ಕಥೆಗಳು ಈ ಸೀಮೆಯ ಹಿರಿಯರ ನೆನಪಿನಲ್ಲಿ ಉಳಿದಿರುವುದು ಇದಕ್ಕೇ.

ಆದ್ದರಿಂದ ಬಾಯಿ ತೆಗೆದ ಮೇಲೆ ಒಂದು ದಿನವಾದರೂ ಹಾಗೆಯೇ ಬಿಡುವುದು, ಹಗ್ಗಕ್ಕೆ ದೀಪ ಇಲ್ಲವೇ ಕಂದೀಲು ಕಟ್ಟಿ ಇಳಿಬಿಡುವುದು ರೂಢಿ. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ಹಿಡಿದು ನಿಲ್ಲುತ್ತಿದ್ದರು.

ಈ ಪರೀಕ್ಷೆ ಪೂರ್ತಿ ನಂಬುವಂಥದ್ದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಮನುಷ್ಯನಿಗೆ ಅಪಾಯವಾಗುವಷ್ಟು ಇಂಗಾಲದ ಡೈಆಕ್ಸೈಡ್ ಇದ್ದರೂ ದೀಪ ಉರಿಯುತ್ತಿರಬಹುದು. ಇಂದು ಹಳೆಯ ಹಗೇವು ಕಂಡರೆ ದೀಪ ನಂಬಿ ಇಳಿಯಬೇಡಿ. ಯಾರಾದರೂ ಬಿದ್ದಿದ್ದರೆ ಅಗ್ನಿಶಾಮಕ ದಳಕ್ಕೆ ತಿಳಿಸಬೇಕೇ ಹೊರತು ಇನ್ನೊಬ್ಬರು ಧುಮುಕಬಾರದು.

ಹಗೇವಿನ ಸುತ್ತಲಿನ ಬದುಕು

ಹಗೇವಿಗೆ ಒಂದು ವಿಚಿತ್ರ ಗುಣವಿತ್ತು. ಒಮ್ಮೆ ಬಾಯಿ ತೆಗೆದರೆ ಗಾಳಿಯ ಕಾವಲು ಮುರಿದಂತೆ. ದಿನಕ್ಕೊಂದು ಸೇರು ತೆಗೆದು ಮತ್ತೆ ಮುಚ್ಚಲು ಬರುವುದಿಲ್ಲ, ಇರುವುದನ್ನೆಲ್ಲ ಮೇಲೆತ್ತಲೇಬೇಕು. ಐವತ್ತು ಚೀಲ ಜೋಳ ಒಂದೇ ಮನೆಯಲ್ಲಿ ಹಿಡಿಯುವುದು ಕಷ್ಟ. ಹೀಗಾಗಿ ಹಗೇವು ತೆಗೆದ ದಿನ ಓಣಿಗೇ ಜೋಳ ಬರುತ್ತಿತ್ತು. ಕಡ ಒಯ್ಯುವವರು, ಹಳೆಯ ಕಡ ತೀರಿಸಿಕೊಳ್ಳುವವರು, ಕೂಲಿಯ ಕಾಳು ಪಡೆಯುವವರು ಎಲ್ಲರೂ ಅಲ್ಲಿ ಸೇರುತ್ತಿದ್ದರು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲಿ ದಾಸೋಹದ ಮಾತಿಗೆ ತೂಕ ಬಂದದ್ದು ಬರಗಾಲದಲ್ಲೂ ಕಾಳು ತೆಗೆದು ನೀಡುವ ಶಕ್ತಿ ಉಳ್ಳವರ ಮನೆಗಳಲ್ಲಿ, ಮಠಗಳಲ್ಲಿ ಇದ್ದಾಗ.

ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಹಗೇವು ಇದ್ದದ್ದು ಭೂಮಿ ಇದ್ದವರಿಗೆ. ಭೂಮಿ ಇಲ್ಲದವರು ಅದನ್ನು ತೋಡಿದರು, ತುಂಬಿದರು, ಜೀವ ಪಣಕ್ಕಿಟ್ಟು ಅದರೊಳಗೆ ಇಳಿದರು. ಬರ ಬಂದಾಗ ಅವರೇ ಅದರ ಮುಂದೆ ಬುಟ್ಟಿ ಹಿಡಿದು ನಿಂತರು. ಒಂದು ಚೀಲ ಒಯ್ದರೆ ಸುಗ್ಗಿಗೆ ಸವಾಯಿ ಲೆಕ್ಕದಲ್ಲಿ ಒಂದೂಕಾಲು, ದೀಡಿ ಲೆಕ್ಕದಲ್ಲಿ ಒಂದೂವರೆ ಚೀಲ ಮರಳಿಸಬೇಕಿತ್ತು. ಊರನ್ನು ಉಳಿಸಿದ ಹಗೇವೇ ಊರಿನ ಬಡವರನ್ನು ಸಾಲದಲ್ಲಿ ಹೂತದ್ದೂ ಉಂಟು.

ದೂರದ ನಾಡಿನ ಹಗೇವುಗಳು

ಈ ಜಾಣ್ಮೆ ನಮ್ಮೊಬ್ಬರದೇ ಅಲ್ಲ. ರೋಮನ್ ಲೇಖಕ ವಾರೊ ಕ್ರಿಸ್ತಪೂರ್ವ 1ನೇ ಶತಮಾನದಲ್ಲೇ ಕಪಡೋಸಿಯ, ಥ್ರೇಸ್ ನಾಡುಗಳ ನೆಲಗುಂಡಿಗಳ ಬಗ್ಗೆ ಬರೆದಿದ್ದಾನೆ. ಗಾಳಿ ತಾಗದಂತೆ ಮುಚ್ಚಿದರೆ ಗೋಧಿ ಐವತ್ತು ವರ್ಷ, ಕಿರುಧಾನ್ಯ ನೂರು ವರ್ಷಕ್ಕೂ ಹೆಚ್ಚು ಉಳಿಯುತ್ತದೆ ಎಂಬುದು ಅವನ ಅಭಿಪ್ರಾಯ. ಮಾಲ್ಟಾ ದ್ವೀಪದಲ್ಲಿ ಬಂಡೆ ಕೊರೆದು ಮಾಡಿದ, ದುಂಡು ಕಲ್ಲಿನ ಮುಚ್ಚಳದ ಕಣಜಗಳನ್ನು ಇಂದೂ ಕಾಣಬಹುದು. ನಮಗೆ ಇನ್ನೂ ಹತ್ತಿರದ ನಂಟು ಸುಡಾನಿನದು. ಅಲ್ಲಿನ ಬಯಲುಸೀಮೆಯ ರೈತರು ‘ಮತ್ಮೂರ’ ಎಂಬ ನೆಲಗುಂಡಿಗಳಲ್ಲಿ ಕೂಡಿಡುವುದು ಜೋಳವನ್ನೇ. ಒಣ ಹವೆ, ಬಿರುಕು ಬಿಡುವ ಮಣ್ಣು, ನೆಚ್ಚಲಾಗದ ಮಳೆ ಇರುವ ಎರಡು ನಾಡುಗಳು ಒಂದೇ ಉತ್ತರ ಕಂಡುಕೊಂಡವು.

ಬಾಯಿ ಮುಚ್ಚಿದ್ದು ಹೇಗೆ?

ಹಗೇವು ಒಂದೇ ದಿನಕ್ಕೆ ಹೋಗಲಿಲ್ಲ. 1957ರಲ್ಲಿ ಕೇಂದ್ರ ಉಗ್ರಾಣ ನಿಗಮ, 1965ರಲ್ಲಿ ಭಾರತ ಆಹಾರ ನಿಗಮ ಬಂದವು. ಕಾಳು ಕಾಯುವ ಹೊಣೆ ಮನೆಯಿಂದ ಸರಕಾರದ ಗೋದಾಮಿಗೆ ಸರಿಯತೊಡಗಿತು. ಗೋಣಿಚೀಲ, ಗ್ಯಾಮಾಕ್ಸಿನ್ ಪುಡಿ, ಕಾಳಿನ ನಡುವೆ ಇಡುವ ವಿಷದ ಗುಳಿಗೆ ಬಂದ ಮೇಲೆ ಗುಂಡಿ ತೋಡುವ ಶ್ರಮ ಯಾರಿಗೂ ಬೇಡವಾಯಿತು. ರಸ್ತೆ, ಲಾರಿ, ಮಾರುಕಟ್ಟೆ ಬಂದವು. ಕೂಡಿಡುವ ಜೋಳಕ್ಕಿಂತ ಮಾರುವ ತೊಗರಿ, ಕಬ್ಬು, ದ್ರಾಕ್ಷಿ, ಲಿಂಬೆಗೆ ಬೆಲೆ ಬಂತು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಪಡಿತರದ ಅಕ್ಕಿ ರೊಟ್ಟಿಯ ಪಕ್ಕದಲ್ಲಿ ಗಟ್ಟಿಯಾಗಿ ಕೂತಿತು. ಹಸಿದವರು ಯಾರದೋ ಹಗೇವಿನ ಮುಂದೆ ನಿಲ್ಲುವುದು ತಪ್ಪಿದ್ದು ಸಣ್ಣ ಸಾಧನೆಯಲ್ಲ.

ನೀರಾವರಿಯೂ ಒಂದು ಕಾರಣ. ಕಾಲುವೆ ಬಂದ ಕಡೆ ನೆಲದೊಳಗಿನ ನೀರು ಮೇಲೇರುತ್ತದೆ. ಹಸಿಯಾದ ನೆಲದಲ್ಲಿ ಹಗೇವು ನಿಲ್ಲದು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಊರುಗಳ ಜೊತೆ ಅವುಗಳ ಹಗೇವುಗಳೂ ಮುಳುಗಿದವು. ಉಳಿದ ಊರುಗಳಲ್ಲಿ ಕೂಡುಕುಟುಂಬ ಒಡೆದು, ಅಂಗಳ ಪಾಲಾಗಿ, ಹಗೇವಿನ ಬಯಲಿನ ಮೇಲೆ ಮನೆಗಳೆದ್ದವು.

ಮರೆತ ಹಗೇವು ಸುಮ್ಮನೆ ಇರುವುದಿಲ್ಲ. ಗದಗ ಜಿಲ್ಲೆಯ ನರಗುಂದದಲ್ಲಿ 2019ರ ಮಳೆಯ ನಂತರ ಮನೆಗಳ ಒಳಗೂ ಹೊರಗೂ ನೆಲ ಕುಸಿಯತೊಡಗಿದಾಗ, ಏರಿದ ಅಂತರ್ಜಲದ ಜೊತೆಗೆ ಹಳೆಯ ಹಗೇವುಗಳ ಮಾತೂ ಬಂತು. ತುಂಬದೆ, ಗುರುತಿಸದೆ ಬಿಟ್ಟ ಪೊಳ್ಳು ನೆಲ ನೀರು ಇಳಿದಾಗ ಕುಸಿಯುತ್ತದೆ. ಎಲ್ಲಿ ಹಗೇವು ಇತ್ತು ಎಂದು ಬಲ್ಲ ಹಿರಿಯರು ಹೋದಂತೆ ಈ ಅಪಾಯ ಹೆಚ್ಚುತ್ತದೆ.

ಹೊಸ ಚೀಲದಲ್ಲಿ ಹಳೆಯ ಜ್ಞಾನ

ಇತ್ತ ಜಗತ್ತು ಅದೇ ತತ್ತ್ವಕ್ಕೆ ಮರಳುತ್ತಿದೆ. ಕಾಳಿಗೆ ವಿಷ ಬೆರೆಸುವುದರ ಕೆಡುಕು ಅರಿವಾದ ಮೇಲೆ ಗಾಳಿ ತಡೆಯುವ ಚೀಲಗಳು ಬಂದಿವೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆಫ್ರಿಕದ ಕ್ಯಾಮರೂನಿನ ಅಲಸಂದೆ ಬೆಳೆಗಾರರಿಗಾಗಿ ರೂಪಿಸಿದ ಚೀಲದಲ್ಲಿ ಹೊರಗೆ ನೇಯ್ದ ಚೀಲ, ಒಳಗೆ ಎರಡು ಪ್ಲಾಸ್ಟಿಕ್ ಪದರ. ಕಾಳು ತುಂಬಿ ಬಾಯಿ ಬಿಗಿದರೆ ಹುಳುಗಳು ಒಳಗಿನ ಆಮ್ಲಜನಕ ಮುಗಿಸಿ ಸಾಯುತ್ತವೆ. ನಮ್ಮ ಹಗೇವಿನಲ್ಲಿ ನಡೆಯುತ್ತಿದ್ದುದು ಇದೇ. ಹಗೇವಿಗಿಂತ ಇದರಲ್ಲಿ ಹೆಚ್ಚಿನ ಅನುಕೂಲ: ನೆಲದ ಹಸಿ ತಾಗದು, ಒಂದೊಂದೇ ಚೀಲ ಬಿಚ್ಚಬಹುದು, ಯಾರೂ ಒಳಗಿಳಿದು ಜೀವ ಕಳೆದುಕೊಳ್ಳಬೇಕಿಲ್ಲ. ಎರಡೆಕರೆಯವರೂ ಬೆಲೆ ಬಿದ್ದ ದಿನ ಜೋಳ ಮಾರದೆ ಕಾಯಬಹುದು.

ಮತ್ತೆ ಎಲ್ಲರೂ ಹಗೇವು ತೋಡಬೇಕೆಂದು ಯಾರೂ ಹೇಳಲಾರರು. ಆದರೆ ಒಳ್ಳೆಯ ವರ್ಷದಲ್ಲಿ ಕೆಟ್ಟ ವರ್ಷವನ್ನು ನೆನೆಯುವ ಆ ಬುದ್ಧಿ ಈ ಸೀಮೆಗೆ ಇಂದೂ ಬೇಕು. ಕಾಲುವೆ ಬಂದಿರಬಹುದು, ಬರ ಇನ್ನೂ ಹೋಗಿಲ್ಲ.

ಅದಕ್ಕಾಗಿ ಮೂರು ಕೆಲಸ ಈಗಲೇ ಆಗಬೇಕು. ಪ್ರತಿ ಗ್ರಾಮ ಪಂಚಾಯಿತಿ ಹಿರಿಯರನ್ನು ಕೇಳಿ ಊರಿನ ಹಗೇವುಗಳ ಜಾಗ ಗುರುತಿಸಿ ದಾಖಲಿಸಲಿ. ಮನೆಗಳ ಕೆಳಗೆ, ದಾರಿಯಲ್ಲಿ ಇರುವ ಪೊಳ್ಳು ಹಗೇವುಗಳನ್ನು ಗರಸು ತುಂಬಿ ಭದ್ರಪಡಿಸಲಿ. ತಾಲ್ಲೂಕಿಗೆ ಒಂದಾದರೂ ಗಟ್ಟಿಯಾದ ಹಗೇವನ್ನು ಕಲ್ಲಿನ ಕಟ್ಟೆ ಕಟ್ಟಿ, ಕಬ್ಬಿಣದ ಜಾಲರಿ ಹಾಕಿ, ಫಲಕ ನಿಲ್ಲಿಸಿ ಶಾಲೆಯ ಮಕ್ಕಳಿಗಾಗಿ ಉಳಿಸಲಿ.

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ, ಅಮ್ಮ ಇದ್ದರೆ ಇವತ್ತೇ ಅವರ ಪಕ್ಕ ಕೂತು ಕೇಳಿ: ನಮ್ಮ ಹಗೇವು ಎಲ್ಲಿತ್ತು, ಕೊನೆಯ ಸಲ ಅದನ್ನು ತೆಗೆದದ್ದು ಯಾವ ಬರದಲ್ಲಿ? ಅವರು ಹೇಳಿದ್ದನ್ನು ಬರೆದಿಡಿ.